ಕಟ್ಟುವ ಹಣವೂ ಕಾಯುವ ಹಣವೂ

ಮಾರ್ಚಿ ತಿಂಗಳಲ್ಲಿ ರಾಜ್ಯದ ಆಯವ್ಯಯ ಪತ್ರವು ವಿಧಾನಸಭೆಯಲ್ಲಿ ಮಂಡಿತವಾದ ಮರುದಿನ ಕೊಟ್ಟೂರಿನಂತಹ ಊರುಗಳಲ್ಲಿ ಪತ್ರಿಕೆಯನ್ನು ಬಿಡಿಸಿದವರೆಲ್ಲರೂ ಹುಡುಕುವುದು ಒಂದನ್ನೇ: 'ಈ ಸಾರಿ ನಮ್ಮ ಕಡೆಗೆ ಏನು ಬಂತು?' ಕೆರೆ ತುಂಬಿಸುವ ಯೋಜನೆ ಬಂತೆ, ಆಸ್ಪತ್ರೆ ಬಂತೆ, ಕಾಲೇಜಿಗೆ ಕಟ್ಟಡ ಬಂತೆ? ಈ ಕುತೂಹಲವನ್ನು ನಾವು ಹಳಿಯುವುದಿಲ್ಲ. ಬಹುಕಾಲ ಏನೂ ಬಾರದಿದ್ದ ಸೀಮೆಯ ಜನ ಹೀಗೆ ಕೇಳುವುದು ಸಹಜವೇ. ಆದರೆ ಇದರ ಜೊತೆಯಲ್ಲಿಯೇ ಕೇಳಬೇಕಾದ ಇನ್ನೊಂದು ಪ್ರಶ್ನೆಯುಂಟು: 'ಹಿಂದೆ ಬಂದುದು ಇನ್ನೂ ಕೆಲಸ ಮಾಡುತ್ತಿದೆಯೆ?' ಇದಕ್ಕೆ ಆಯವ್ಯಯ ಭಾಷಣದಲ್ಲಿ ಉತ್ತರ ದೊರೆಯುವುದು ಬಹಳ ವಿರಳ. ಸಾರ್ವಜನಿಕ ಸೇವೆಗಳ ಆದ್ಯತೆಯನ್ನು ಗೊತ್ತುಮಾಡುವಾಗ, ಇರುವುದನ್ನು ಸುಸ್ಥಿತಿಯಲ್ಲಿಡಲು ಬೇಕಾದ ಹಣವನ್ನು ಮೊದಲು ತೆಗೆದಿಟ್ಟು, ಉಳಿದುದರಲ್ಲಿ ಹೊಸದನ್ನು ಕಟ್ಟಬೇಕೆಂಬುದು ನಮ್ಮ ಅಭಿಪ್ರಾಯ. ಇದು ಅರ್ಥಶಾಸ್ತ್ರಜ್ಞರ ಕ್ಷೇತ್ರ, ಭೌತಶಾಸ್ತ್ರವನ್ನು ಬೋಧಿಸುವವರಿಗೆ ಇಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಸವೆತ, ಘರ್ಷಣೆ, ತುಕ್ಕು ಇವು ಯಾವ ಸರಕಾರದ ಆಜ್ಞೆಗೂ ಕಾಯದೆ ನಡೆಯುವ ವ್ಯವಹಾರಗಳಾದುದರಿಂದ ನಮಗೂ ಸ್ವಲ್ಪ ಕೆಲಸವಿದೆ.

ನಮ್ಮ ವಿಜಯನಗರ ಜಿಲ್ಲೆಯಲ್ಲಿಯೇ, ಹೊಸಪೇಟೆಯ ಬಳಿ, ಇದಕ್ಕೊಂದು ದೊಡ್ಡ ನಿದರ್ಶನವಿದೆ. 1953ರಲ್ಲಿ ನೀರು ನಿಲ್ಲಿಸಲು ಆರಂಭಿಸಿದ ತುಂಗಭದ್ರಾ ಅಣೆಕಟ್ಟಿಗೆ 33 ಕ್ರಸ್ಟ್ ಗೇಟುಗಳುಂಟು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯವು ತುಂಬಿದ್ದಾಗ, 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಅಂತಹ ಒಂದು ಗೇಟನ್ನು ಎಷ್ಟು ಬಲದಿಂದ ಒತ್ತುತ್ತದೆಯೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲನು. ಒತ್ತಡವು ಮೇಲ್ಮೈಯಲ್ಲಿ ಸೊನ್ನೆ. ಆರು ಮೀಟರ್ ಕೆಳಗೆ ಪ್ರತಿ ಚದರ ಮೀಟರಿಗೆ ಆರು ಟನ್ನಿನಷ್ಟು. ಸರಾಸರಿ ಮೂರು ಟನ್ ಎಂದಿಟ್ಟುಕೊಂಡು ಗೇಟಿನ ವಿಸ್ತೀರ್ಣದಿಂದ ಗುಣಿಸಿದರೆ ಸುಮಾರು 340 ಟನ್ ಬರುತ್ತದೆ. ಈ ಒತ್ತನ್ನು ಹೊರುವವು ಇಕ್ಕೆಲದ ಕಂಬಗಳು. ಸರಪಳಿಯ ಕೆಲಸ ಗೇಟನ್ನು ಎತ್ತಿಳಿಸಿ ಹಿಡಿದಿರುವುದು. ಆದರೆ ಸರಪಳಿಯ ಒಂದು ಕೊಂಡಿ ಕೈಬಿಟ್ಟಿತೆಂದರೆ ಉಳಿದ ಏರ್ಪಾಡೆಲ್ಲ ವ್ಯರ್ಥ. ಅಣೆಕಟ್ಟಿನ ಮೇಲಣ ಒತ್ತಡವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಹರಿಯುವ ನೀರಿಗೇ ತಡೆಹಲಗೆಗಳನ್ನು ಇಳಿಸಿ ಆಗಸ್ಟ್ 17ರ ವೇಳೆಗೆ ದಾರಿಯನ್ನು ಮುಚ್ಚಿದ ಇಂಜಿನಿಯರರ ಸಾಹಸ ಮೆಚ್ಚತಕ್ಕದ್ದೇ ಸರಿ. ಅಷ್ಟರಲ್ಲಿ ಮೂವತ್ತು ಟಿ.ಎಂ.ಸಿ.ಗೂ ಮಿಕ್ಕ ನೀರು ಹೊಳೆಯ ಪಾಲಾಗಿತ್ತು. ಆ ವರ್ಷ ಮಳೆ ಚೆನ್ನಾಗಿ ಸುರಿದು ಜಲಾಶಯ ಮತ್ತೆ ತುಂಬಿದುದು ನಮ್ಮ ಪುಣ್ಯ. ಪುಣ್ಯವನ್ನು ಆಯವ್ಯಯದ ಯಾವ ಶೀರ್ಷಿಕೆಯಲ್ಲಿ ಬರೆಯುತ್ತಾರೋ ನಾವರಿಯೆವು. ಮರುವರ್ಷ, 2025ರಲ್ಲಿ, ಹಳೆಯ ಗೇಟುಗಳ ಮೇಲೆ ನಂಬಿಕೆಯಿಡಲಾರದೆ ಸಂಗ್ರಹವನ್ನು ಸುಮಾರು 80 ಟಿ.ಎಂ.ಸಿ.ಗೆ ಮಿತಗೊಳಿಸಬೇಕಾಯಿತು, ಗೇಟುಗಳನ್ನು ಬದಲಾಯಿಸುವ ಸಲುವಾಗಿ ಎರಡನೆಯ ಬೆಳೆಗೆ ನೀರು ಬಿಡಲಾಗದೆಂದು ತೀರ್ಮಾನಿಸಬೇಕಾಯಿತು. ಒಂದು ಕೊಂಡಿಯ ಬೆಲೆ ಎಲ್ಲಿಂದ ಎಲ್ಲಿಗೆ ಬೆಳೆಯಿತೆಂಬುದನ್ನು ವಾಚಕರು ಗಮನಿಸಬೇಕು.

ಲೋಹ ಹೀಗೆ ಹಠಾತ್ತಾಗಿ ಮುರಿಯುವುದು ಏಕೆ? ಒಮ್ಮೆ ಎಷ್ಟು ಭಾರವನ್ನು ಸುಖವಾಗಿ ಹೊತ್ತಿತೋ ಅದೇ ಭಾರವನ್ನು ಲಕ್ಷಾಂತರ ಸಾರಿ ಹೇರಿ ಇಳಿಸಿದರೆ ಉಕ್ಕು ಕೂಡ ದಣಿಯುತ್ತದೆ. ಕಣ್ಣಿಗೆ ಕಾಣದ ಒಂದು ಸೀಳು ಎಲ್ಲಿಯೋ ಹುಟ್ಟಿ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬೆಳೆದು, ಕೊನೆಗೊಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ಎರಡು ತುಂಡು! 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ರೈಲು ಮಾರ್ಗದಲ್ಲಿ ಎಂಜಿನ್ನಿನ ಅಚ್ಚು ಮುರಿದು ಬಹುಮಂದಿ ಮಡಿದರು. ರೈಲಿನ ಅಚ್ಚುಗಳು ಹೀಗೇಕೆ ಮುರಿಯುತ್ತವೆಂಬುದನ್ನು ಪ್ರಷ್ಯದ ಆಗುಸ್ಟ್ ವ್ಯೋಲರ್ ಎಂಬ ರೈಲ್ವೆ ಇಂಜಿನಿಯರು ಮುಂದೆ ಅನೇಕ ವರ್ಷ ಪ್ರಯೋಗ ಮಾಡಿ ತಿಳಿಸಿಕೊಟ್ಟನು. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಸಮುದ್ರಕ್ಕೆ ಬಿದ್ದುದಕ್ಕೂ ಲೋಹದ ದಣಿವೇ ಕಾರಣವಾಗಿತ್ತು. ಇದರಿಂದ ವಿಮಾನಯಾನದವರು ಕಲಿತ ಪಾಠವೆಂದರೆ, ಮುರಿಯುವವರೆಗೆ ಕಾಯಬಾರದು, ಎಷ್ಟು ಹಾರಾಟವಾಯಿತೆಂದು ಎಣಿಸಿಟ್ಟು ಅವಧಿ ಮುಗಿದ ಭಾಗವನ್ನು ಗಟ್ಟಿಯಾಗಿ ಕಂಡರೂ ತೆಗೆದುಹಾಕಬೇಕು ಎಂಬುದು. ಕೊಟ್ಟೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. 2017ರ ಫೆಬ್ರವರಿಯಲ್ಲಿ ಗುರು ಕೊಟ್ಟೂರೇಶ್ವರ ಸ್ವಾಮಿಯ ತೇರು ಉರುಳಿದುದನ್ನು ಕಂಡವರು ಇಲ್ಲಿ ಸಾವಿರಾರು ಮಂದಿ ಇದ್ದಾರೆ. ತೇರು ಹೊರಟಾಗ ಎಲ್ಲರ ಕಣ್ಣೂ ಕಳಸದ ಮೇಲೆ; ಅಚ್ಚನ್ನು ಬಗ್ಗಿ ನೋಡುವವರು ಕೆಲವರೇ.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ತುಂಗಭದ್ರಾ ಅಣೆಕಟ್ಟಿನ ಆಡಳಿತವು ಅಂತರರಾಜ್ಯ ಮಂಡಳಿಯೊಂದರ ಕೈಯಲ್ಲಿದ್ದು, ವೆಚ್ಚವನ್ನು ರಾಜ್ಯಗಳು ಹಂಚಿಕೊಳ್ಳುತ್ತವೆ. ಆದುದರಿಂದ ಕರ್ನಾಟಕದ ಆಯವ್ಯಯವೊಂದನ್ನೇ ದೂರುವಂತಿಲ್ಲ. ಆದರೆ ಮನೋಧರ್ಮವು ಎಲ್ಲೆಡೆಯೂ ಒಂದೇ. ಇದೇ ಜಲಾಶಯದ ಸಂಗ್ರಹ ಸಾಮರ್ಥ್ಯವು ಮೊದಲು 133 ಟಿ.ಎಂ.ಸಿ. ಇದ್ದುದು ಹೂಳು ತುಂಬಿ ಈಗ 106ಕ್ಕೂ ತುಸು ಕಡಮೆಯಾಗಿದೆ. ಹೂಳಿಗೆ ಪರಿಹಾರವಾಗಿ ನಮ್ಮ ಆಯವ್ಯಯಗಳಲ್ಲಿ ಕಾಣಿಸಿಕೊಂಡುದು ಯಾವುದು? ನವಲಿಯಲ್ಲಿ ಇನ್ನೊಂದು ಜಲಾಶಯ!

ಹೀಗಾಗುವುದಕ್ಕೆ ಲೆಕ್ಕ ಬರೆಯುವ ಪದ್ಧತಿಯೂ ಒಂದು ಕಾರಣ. 2025ರ ಮಾರ್ಚ್ 7ರಂದು ಮಂಡಿತವಾದ 2025-26ರ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಇದರಲ್ಲಿ ರಾಜಸ್ವ ವೆಚ್ಚ 3,11,739 ಕೋಟಿ, ಬಂಡವಾಳ ವೆಚ್ಚ 71,336 ಕೋಟಿ. ಉಳಿದುದು ಸಾಲದ ಮರುಪಾವತಿ. ಬಂಡವಾಳ ವೆಚ್ಚ ಹೆಚ್ಚಿದರೆ ಪತ್ರಿಕೆಗಳು 'ಅಭಿವೃದ್ಧಿಪರ' ಎಂದು ಹೊಗಳುತ್ತವೆ; ರಾಜಸ್ವ ವೆಚ್ಚ ಹೆಚ್ಚಿದರೆ 'ದುಂದು' ಎನ್ನುತ್ತವೆ. ಹೊಸ ಗೇಟನ್ನು ಕೂರಿಸುವುದು ಬಂಡವಾಳ. ಹಳೆಯ ಗೇಟಿನ ಸರಪಳಿಗೆ ಗ್ರೀಸ್ ಹಚ್ಚಿ, ಕೊಂಡಿಗಳನ್ನು ಪರೀಕ್ಷಿಸುವುದು ರಾಜಸ್ವ. ಶಾಲೆಗೆ ಪ್ರಯೋಗಾಲಯ ಕಟ್ಟುವುದು ಬಂಡವಾಳ. ಅದಕ್ಕೆ ವರ್ಷವರ್ಷವೂ ಬೇಕಾಗುವ ರಾಸಾಯನಿಕಗಳು ರಾಜಸ್ವ. ರಾಜಸ್ವ ವೆಚ್ಚವನ್ನು ತಗ್ಗಿಸಬೇಕೆಂದು ಹೊರಟವರು ಸಂಬಳವನ್ನು ಮುಟ್ಟಲಾರರು, ಬಡ್ಡಿಯನ್ನು ಮುಟ್ಟಲಾರರು. ಕತ್ತರಿ ಬೀಳುವುದು ಯಾರೂ ಅಳದಿರುವ ಕಡೆಗೆ, ಎಂದರೆ ದುರಸ್ತಿಯ ಕಡೆಗೆ.

ಇನ್ನು ನಮ್ಮ ಸೀಮೆಯ ಬಹುದೊಡ್ಡ ಆಸೆಯಾದ ಏತ ನೀರಾವರಿಯ ವಿಷಯ. ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಎತ್ತರದ ಕೆಂಪುನೆಲಕ್ಕೆ ಹೊಳೆಯ ನೀರು ತಾನಾಗಿ ಹರಿದುಬರಲಾರದು, ಅದನ್ನು ಎತ್ತಬೇಕು. ಹೂವಿನಹಡಗಲಿಯ ಕಡೆಗೆ ಸಿಂಗಟಾಲೂರು ಏತ ನೀರಾವರಿ, ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳನ್ನು ತುಂಬಿಸುವ ಯೋಜನೆ ಇವೆಲ್ಲ ಈ ಜಾತಿಯವು. ಮಳೆಯನ್ನೇ ನಂಬಿ ಮೆಕ್ಕೆಜೋಳ, ಶೇಂಗಾ ಬಿತ್ತುವ ರೈತನಿಗೆ ತುಂಬಿದ ಕೆರೆಯೆಂದರೆ ಏನೆಂಬುದನ್ನು ನಾವು ಬಲ್ಲೆವು. ಅವು ಬೇಡವೆಂದು ಹೇಳುವ ಕಲ್ಲೆದೆ ನಮಗಿಲ್ಲ. ಆದರೂ ಒಂದು ಲೆಕ್ಕವನ್ನು ನೋಡೋಣ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಅದರ ತೂಕ ಸುಮಾರು 2 ಕೋಟಿ 83 ಲಕ್ಷ ಟನ್. ಇಷ್ಟನ್ನು 100 ಮೀಟರ್ ಎತ್ತಬೇಕೆಂದಿಟ್ಟುಕೊಳ್ಳೋಣ. ಪ್ರಕೃತಿಯು ಇದಕ್ಕೆ ಕೇಳುವ ಕನಿಷ್ಠ ಶುಲ್ಕ ಸುಮಾರು 77 ಲಕ್ಷ ಯೂನಿಟ್ ವಿದ್ಯುತ್ತು. ಪಂಪು, ಮೋಟಾರುಗಳ ದಕ್ಷತೆ ನೂರಕ್ಕೆ 70 ಎಂದು ಹಿಡಿದರೆ ಅದು ಒಂದು ಕೋಟಿ ಹತ್ತು ಲಕ್ಷ ಯೂನಿಟ್ ಆಗುತ್ತದೆ. ಕೊಳವೆಯೊಳಗಿನ ಘರ್ಷಣೆಯನ್ನು ಸೇರಿಸಿದರೆ ಇನ್ನೂ ಹೆಚ್ಚು. ಯೂನಿಟ್ಟಿಗೆ ಆರು ರೂಪಾಯಿಯೆಂದರೂ ವರ್ಷಕ್ಕೆ ಆರೂವರೆ ಕೋಟಿ. ಒಂದು ವರ್ಷವಲ್ಲ, ಯೋಜನೆ ಇರುವಷ್ಟು ಕಾಲವೂ. ಈ ಶುಲ್ಕಕ್ಕೆ ಮನ್ನಾ ಎಂಬುದಿಲ್ಲ. ಯಾರಾದರೊಬ್ಬರು ಅದನ್ನು ತೆರಲೇಬೇಕು. 2025-26ರಲ್ಲಿ ರೈತರ ನೀರಾವರಿ ಪಂಪುಸೆಟ್ಟುಗಳ ವಿದ್ಯುತ್ತಿಗೆಂದೇ ರಾಜ್ಯವು 16,021 ಕೋಟಿ ರೂಪಾಯಿ ಸಹಾಯಧನವನ್ನು ಗೊತ್ತುಮಾಡಿತ್ತು. ಕೆರೆ ತುಂಬಿಸುವ ಯೋಜನೆಯ ಶಂಕುಸ್ಥಾಪನೆಯ ಫಲಕದಲ್ಲಿ ಅಂದಾಜು ವೆಚ್ಚವನ್ನು ಕೆತ್ತಿಸುತ್ತಾರೆ. ಅದರ ಕೆಳಗೆ ವಾರ್ಷಿಕ ವಿದ್ಯುತ್ತಿನ ಬಿಲ್ಲನ್ನೂ ಕೆತ್ತಿಸಿದರೆ ಒಳ್ಳೆಯದು. ಬಿಲ್ಲು ಬಾಕಿಯಾಗಿ ಪಂಪು ನಿಂತ ವರ್ಷ ಆ ಕಲ್ಲನ್ನು ಓದಿದವರಿಗೆ ಕಾರಣವಾದರೂ ತಿಳಿದೀತು.

ಪಂಪು ನಿಂತರೆ ಕಣ್ಣಿಗೆ ಕಾಣುತ್ತದೆ. ಕೆಟ್ಟರೂ ಕಾಣದಿರುವಂತಹವು ಇನ್ನೂ ಅಪಾಯಕರ. ಈ ಭಾಗದ ಗ್ರಾನೈಟು ನೆಲದ ಕೊಳವೆಬಾವಿಗಳ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಮಿತಿಮೀರಿರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ ಮೀರದಿರಲಿ, ಬೇರೆ ನೀರಿಲ್ಲದಿದ್ದರೆ ಒಂದೂವರೆ ಮಿಲಿಗ್ರಾಮಿನವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಮೀರಿದರೆ ಬೆಳೆಯುವ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ಬಹುಕಾಲ ಕುಡಿದವರ ಎಲುಬು ಕೀಲುಗಳು ಬಿಗಿಯುತ್ತವೆ. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆದುದರಿಂದಲೇ ಹಳ್ಳಿಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಸ್ಥಾಪಿಸಲಾಯಿತು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಒಳಗಿರುವುದು ಒಂದು ತೆಳುವಾದ ಪೊರೆ. ಒತ್ತಡಕ್ಕೆ ಸಿಕ್ಕಿದ ನೀರಿನ ಅಣುಗಳನ್ನು ಹಾಯಗೊಟ್ಟು ಲವಣಗಳನ್ನು ತಡೆಯುವುದೇ ಅದರ ಗುಣ. ಗಡಸು ನೀರಿನಲ್ಲಿ ಆ ಪೊರೆ ಬೇಗನೆ ಕಟ್ಟಿಕೊಳ್ಳುತ್ತದೆ, ಸವೆಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಲೇಬೇಕು. ಬದಲಾಯಿಸದಿದ್ದರೆ? ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ. ತಿಳಿಯಾಗಿರುತ್ತದೆ, ತಣ್ಣಗೂ ಇರುತ್ತದೆ. ಫ್ಲೋರೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಾಯಿ ಮಗುವಿಗೆ ಶುದ್ಧವೆಂದು ನಂಬಿ ಕುಡಿಸುವ ನೀರು ಶುದ್ಧವೋ ಅಲ್ಲವೋ ಎಂಬುದನ್ನು ಅಳೆದು ನೋಡದೆ ಹೇಳುವ ಉಪಾಯವಿಲ್ಲ. ಆಡಳಿತದ ಪಟ್ಟಿಯಲ್ಲಿ ಮಾತ್ರ ಆ ಘಟಕವು 'ಸ್ಥಾಪಿಸಲಾಗಿದೆ' ಎಂದೇ ಉಳಿಯುತ್ತದೆ.

ಎಣಿಕೆಯ ಈ ದೋಷ ಉತ್ತಮ ವರದಿಗಳಿಗೂ ತಗುಲಿದೆ. ಪ್ರಾದೇಶಿಕ ಅಸಮತೋಲನವನ್ನು ಕುರಿತು ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ನೀಡಿದ ವರದಿ ನಮ್ಮ ಪಾಲಿಗೆ ಉಪಕಾರಿಯಾದುದು. 35 ಸೂಚಕಗಳಿಂದ ತಾಲ್ಲೂಕುಗಳನ್ನು ತೂಗಿ, 39ನ್ನು ಅತ್ಯಂತ ಹಿಂದುಳಿದವೆಂದು ಅದು ಗುರುತಿಸಿತು. ಕೂಡ್ಲಿಗಿ (ಕೊಟ್ಟೂರು ಆಗ ಅದರೊಳಗೇ ಇತ್ತು) ಮತ್ತು ಹರಪನಹಳ್ಳಿ ಎರಡೂ ಆ ಪಟ್ಟಿಯಲ್ಲಿದ್ದವು. ತಲೆಗೆ ದಿನಕ್ಕೆ 40 ಲೀಟರ್ ನೀರಿನ ಸೌಲಭ್ಯವುಳ್ಳ ಜನವಸತಿಗಳೆಷ್ಟು, ಆಸ್ಪತ್ರೆಯ ಹಾಸಿಗೆಗಳೆಷ್ಟು ಎಂಬಂತಹ ಅಳತೆಗಳು ಅದರಲ್ಲಿದ್ದವು. ಸೌಲಭ್ಯವಿದೆಯೆಂಬುದು ಒಂದು ಮಾತು, ಈ ದಿನ ನೀರು ಬಂತೆಂಬುದು ಇನ್ನೊಂದು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯನ್ನು ನೇಮಿಸಲಾಯಿತು. ಇನ್ನು ಮುಂದಿನ ಯಾವ ಸೂಚ್ಯಂಕವೇ ಆಗಲಿ, ಎಷ್ಟು ಘಟಕಗಳಿವೆ ಎಂಬುದರ ಜೊತೆಗೆ ವರ್ಷದ 365 ದಿನಗಳಲ್ಲಿ ಎಷ್ಟು ದಿನ ನಡೆದವು ಎಂಬುದನ್ನೂ ಎಣಿಸಬೇಕು.

ಗ್ಯಾರಂಟಿ ಯೋಜನೆಗಳಿಗೆ ಹಣ ಹೋದುದರಿಂದಲೇ ಇದೆಲ್ಲ ಸೊರಗಿತೆಂದು ಹೇಳುವವರಿದ್ದಾರೆ. 2025-26ರಲ್ಲಿ ಅವಕ್ಕೆ 51,034 ಕೋಟಿ ರೂಪಾಯಿ ಮೀಸಲಾಗಿತ್ತೆಂಬುದು ನಿಜ. ಆದರೆ ಸರಪಳಿಗಳೂ ಪೊರೆಗಳೂ ಗ್ಯಾರಂಟಿಗಳ ಹುಟ್ಟಿಗಿಂತ ಬಹಳ ಹಿಂದೆಯೇ ಅನಾಥವಾಗಿದ್ದವು. ನಮಗೆ ಆ ಯೋಜನೆಗಳಿಂದ ಕಲಿಯತಕ್ಕ ಒಂದು ಅಂಶ ಕಾಣುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಒಂದು ತಿಂಗಳು ತಡವಾದರೆ ಮನೆಮನೆಯಲ್ಲೂ ಎಣಿಸುವವರಿದ್ದಾರೆ. ಸಚಿವರು ಉತ್ತರ ಹೇಳಬೇಕಾಗುತ್ತದೆ. ಪೊರೆ ಬದಲಾಯಿಸುವುದು ಎರಡು ವರ್ಷ ತಡವಾದರೆ ಎಣಿಸುವವರೇ ಇಲ್ಲ.

ಎಣಿಸುವವರನ್ನು ಉಂಟುಮಾಡುವುದು ಕಷ್ಟವಲ್ಲ. ಆಯವ್ಯಯದಲ್ಲಿ ಹೊಸ ಕಾಮಗಾರಿಯೊಂದನ್ನು ಪ್ರಕಟಿಸುವಾಗ ಅದರ ಮುಂದೆ ಕಟ್ಟುವ ವೆಚ್ಚದೊಡನೆ ವಾರ್ಷಿಕ ವಿದ್ಯುತ್ತು, ವಾರ್ಷಿಕ ದುರಸ್ತಿ, ನಿರೀಕ್ಷಿತ ಆಯುಷ್ಯ ಈ ಮೂರನ್ನೂ ಬರೆಯಲಿ. ಇವುಗಳ ಮೊತ್ತವನ್ನು ಮುಂದಿನ ವರ್ಷಗಳಲ್ಲಿ ಸಂಬಳದಂತೆಯೇ ಕಡಿತವಿಲ್ಲದೆ ಕೊಡಲಿ. ಹಾಗೆ ಕೊಡಲು ಹಣ ಸಾಲದಿದ್ದರೆ ಹೊಸದರ ಸಂಖ್ಯೆಯನ್ನು ತಗ್ಗಿಸಲಿ, ಅದು ನಮ್ಮ ತಾಲ್ಲೂಕಿನ ಪಾಲಿನದೇ ಆದರೂ ಚಿಂತೆಯಿಲ್ಲ. ಪ್ರತಿ ನೀರಿನ ಘಟಕದ ಬಾಗಿಲ ಮೇಲೆ ಪೊರೆ ಬದಲಾಯಿಸಿದ ದಿನವನ್ನೂ ಕಳೆದ ಪರೀಕ್ಷೆಯಲ್ಲಿ ಕಂಡ ಫ್ಲೋರೈಡಿನ ಪ್ರಮಾಣವನ್ನೂ ಬಣ್ಣದಲ್ಲಿ ಬರೆಯಿಸಲಿ. ಅಳೆಯುವ ಕೆಲಸಕ್ಕೆ ಬೆಂಗಳೂರಿನಿಂದ ಯಾರೂ ಬರಬೇಕಾದುದಿಲ್ಲ. ಕೊಟ್ಟೂರು, ಹರಪನಹಳ್ಳಿ, ಹೂವಿನಹಡಗಲಿಗಳ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದುವ ಹುಡುಗ ಹುಡುಗಿಯರು ತಿಂಗಳಿಗೊಮ್ಮೆ ತಮ್ಮ ತಮ್ಮ ಹಳ್ಳಿಯ ನೀರನ್ನು ಸೀಸೆಯಲ್ಲಿ ತಂದು ಪರೀಕ್ಷಿಸಬಲ್ಲರು. ಅದಕ್ಕೆ ಬೇಕಾದುದು ಒಂದಿಷ್ಟು ರಾಸಾಯನಿಕ, ಒಂದು ದಾಖಲೆ ಪುಸ್ತಕ, ಮತ್ತು ವರ್ಷವರ್ಷವೂ ತಪ್ಪದೆ ಬರುವ ಸಣ್ಣದೊಂದು ರಾಜಸ್ವ ಅನುದಾನ.