ಶಾಲೆ ಯಾರದು?

ಶಾಲೆಯೊಂದು ಯಾರ ಸಲುವಾಗಿ ಇದೆಯೆಂಬುದನ್ನು ಅದರ ಧ್ಯೇಯವಾಕ್ಯ ಹೇಳಲಾರದು. ಹಾಜರಿ ಪುಸ್ತಕ ಹೇಳುತ್ತದೆ. ‘ಪರ್ಯಾಯ ಶಿಕ್ಷಣ’ವೆಂದು ಹೆಸರಿಟ್ಟುಕೊಂಡು ದೊಡ್ಡ ಫೀ ಎತ್ತುವ ಶಾಲೆಗಳಲ್ಲಿ ಕೂಲಿಕಾರನ ಮಗಳ ಹೆಸರನ್ನು ಹುಡುಕಿ ನೋಡಿರಿ. ಅಲ್ಲಿ ಬಾಗಿಲಿಗೆ ಫೀಯೇ ಅಗಳಿ.

ಧಾರವಾಡದ ಹತ್ತಿರ 2002ರಲ್ಲಿ ಆರಂಭವಾದ ಕಲಕೇರಿ ಸಂಗೀತ ವಿದ್ಯಾಲಯ ಬೇರೆ ಮಾರ್ಗ ಹಿಡಿಯಿತು. ಈ ವಸತಿ ಶಾಲೆಯಲ್ಲಿ ಸುಮಾರು 200 ಮಕ್ಕಳು ಹಿಂದುಸ್ತಾನಿ ಸಂಗೀತವನ್ನೂ ಶಾಲೆಯ ಪಾಠಗಳನ್ನೂ ಕೂಡಿಯೇ ಕಲಿಯುತ್ತಾರೆ. ಅವರು ಬಡ ಕುಟುಂಬಗಳ ಮಕ್ಕಳು. ಪಾಠ, ಊಟ, ವಸತಿ ಎಲ್ಲವೂ ಉಚಿತ. ತಂದೆಯ ಕಿಸೆ ನೋಡಿ ಸೇರಿಸಿಕೊಳ್ಳುವ ಪದ್ಧತಿ ಅಲ್ಲಿಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ ನಾಡಿನ ವಿದ್ಯೆ ಬಡವರ ಮಕ್ಕಳಿಗೂ ಒಲಿಯುತ್ತದೆಂಬುದಕ್ಕೆ ಬೇರೆ ಸಾಕ್ಷಿ ಏಕೆ ಬೇಕು?

ಆದರೆ ಈ ಶಾಲೆಗೆ ಆಧಾರವಾಗಿರುವುದು ದೇಶವಿದೇಶಗಳ ದಾನಿಗಳ ಔದಾರ್ಯ. ದಾನ ಇಂದು ಬರುತ್ತದೆ, ನಾಳೆ ನಿಲ್ಲಬಹುದು. ಹಕ್ಕು ಹಾಗಲ್ಲ. 2009ರ ಶಿಕ್ಷಣ ಹಕ್ಕು ಕಾಯದೆಯಾದರೋ 6ರಿಂದ 14 ವರ್ಷದವರಿಗೆ ಮಾತ್ರ. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆಂದು ಅದು ಇಟ್ಟ ಶೇಕಡಾ 25 ಸ್ಥಾನಗಳ ಆಸರೆ ಎಂಟನೆಯ ಇಯತ್ತೆಗೆ ಮುಗಿಯುತ್ತದೆ. ಒಂಬತ್ತನೆಯದಕ್ಕೆ ಕಾಲಿಟ್ಟ ದಿನವೇ ಆ ಹುಡುಗ ಫೀ ಕಟ್ಟಬೇಕು, ಇಲ್ಲವೆ ಆ ಶಾಲೆಯನ್ನೇ ಬಿಡಬೇಕು. ಎಂಟು ವರ್ಷ ಒಂದೇ ಬೆಂಚಿನ ಮೇಲೆ ಕುಳಿತ ಗೆಳೆಯರನ್ನು ಅಗಲಿಸುವ ಇದು ಎಂಥ ಸಮಾನತೆ?

ಈ ಹಕ್ಕನ್ನು ಹತ್ತನೆಯ ಇಯತ್ತೆಯವರೆಗೆ ವಿಸ್ತರಿಸಬೇಕು. ಪ್ರತಿಯೊಂದು ಹಾಯಸ್ಕೂಲೂ ತನ್ನಲ್ಲಿ ಎಷ್ಟು ಜನ ರೈತರ, ಕೂಲಿಗಳ, ಪೌರಕಾರ್ಮಿಕರ ಮಕ್ಕಳು ಇದ್ದಾರೆಂಬುದನ್ನು ವರ್ಷಕ್ಕೊಮ್ಮೆ ಫಲಕದಲ್ಲಿ ಬರೆದು ತೂಗುಹಾಕಬೇಕು. ಇನ್ನೂರು ಮಕ್ಕಳಿಗಾಗಿ ದಾನಿಗಳು ಮಾಡಿದ್ದನ್ನು ಎಲ್ಲ ಮಕ್ಕಳಿಗಾಗಿ ಮಾಡುವುದು ಸರಕಾರದ ಉಪಕಾರವಲ್ಲ, ಕರ್ತವ್ಯ.