ಯಾರ ಗೋಡೆಗೆ ಯಾರ ಹಣ?



ಬೋನಸ್ ಹಣ ಕೈಗೆ ಬಂದೊಡನೆ ಲೈನ್ ಮನೆಗಳಲ್ಲಿ ಅಡಿಗೆಮನೆಯ ಮಾತು ಏಳುತ್ತದೆ. ಹೊಗೆ ತಡೆಯಲಾಗದು, ಬಚ್ಚಲ ನೀರು ಹರಿಯದು, ಪಾತ್ರೆ ಇಡಲು ಜಾಗವಿಲ್ಲ. ನಾವೇ ಸರಿಮಾಡಿಕೊಳ್ಳೋಣವೇ, ಗಾರೆ ಮೇಸ್ತ್ರಿಯನ್ನು ಕರೆಯೋಣವೇ ಎಂದು ಯೋಚಿಸುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಗೋಡೆ ಯಾರದು?

ಬಾಯ್ನಾದಲ್ಲಿರುವ ನಮಗೆ ಈ ಪ್ರಶ್ನೆಯ ಬೆಲೆ ಗೊತ್ತು. ಉತ್ತರ ಕರ್ನಾಟಕದಿಂದ ಕೂಲಿಗೆ ಬಂದ ಅನೇಕ ಕನ್ನಡಿಗರು ಇಲ್ಲಿಯ ಕಡಲ ತೀರದಲ್ಲಿ ಮನೆ ಮಾಡಿಕೊಂಡಿದ್ದರು. 2004ರ ಜೂನ್ ತಿಂಗಳಲ್ಲಿ, ಮಳೆಗಾಲದಲ್ಲೇ, ಸರಕಾರ ಆ ತೀರದ ಮನೆಗಳನ್ನು ಕೆಡವಿತು. 2015ರಲ್ಲಿ ಮತ್ತೆ ಕೆಡವಿತು. ಗೋಡೆಗೆ ಹಾಕಿದ ಹಣ ಮಣ್ಣುಪಾಲಾಗುತ್ತದೆ. ಹೊತ್ತುಕೊಂಡು ಹೋಗಬಹುದಾದುದು ಮಾತ್ರ ಉಳಿಯುತ್ತದೆ.

ತೋಟದ ಲೈನ್ ಮನೆಯ ಸ್ಥಿತಿ ಇಷ್ಟು ಕಠಿಣವಲ್ಲ. ಆದರೂ ಅದು ನಮ್ಮ ಸ್ವಂತದ್ದಲ್ಲ. ಕಾರ್ಮಿಕರಿಗೆ ವಸತಿ ಕೊಟ್ಟು ಅದನ್ನು ಸುಸ್ಥಿತಿಯಲ್ಲಿಡುವುದು ಮಾಲಿಕರ ಹೊಣೆಯೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಅದರ ಸ್ಥಾನದಲ್ಲಿ ಬಂದ 2020ರ ಸಂಹಿತೆಯು ಕುಡಿಯುವ ನೀರು, ಅಡಿಗೆಮನೆ, ಶೌಚಾಲಯಗಳನ್ನು ಹೆಸರೆತ್ತಿಯೇ ಸೇರಿಸಿದೆ. ಆದುದರಿಂದ ಚಾವಣಿ, ಗೋಡೆ, ಹೊಗೆಕೊಳವೆ, ಬಚ್ಚಲ ಮೋರಿ, ಇವುಗಳ ರಿಪೇರಿಯನ್ನು ಸಂಘದ ಮೂಲಕ ಬರವಣಿಗೆಯಲ್ಲಿ ಕೇಳಬೇಕು. ಒಂದು ಮನೆಯವರು ಕೇಳಿದರೆ ಅದು ಗೊಣಗಾಟ; ಇಡೀ ಲೈನಿನವರು ಸಹಿ ಹಾಕಿ ಕೇಳಿದರೆ ಅದು ಬೇಡಿಕೆ.

ನಮ್ಮ ಹಣ ನಮ್ಮೊಡನೆ ಬರುವ ವಸ್ತುಗಳಿಗೆ ಹೋಗಲಿ. ಕಾಲುಳ್ಳ ಹಲಗೆ ಸ್ಟ್ಯಾಂಡು, ಮುಚ್ಚಳವಿರುವ ನೀರಿನ ಡ್ರಮ್ಮು, ಒಳ್ಳೆಯ ಒಲೆ. ಸ್ಟ್ಯಾಂಡು ಜೋಡಿಸುವುದು, ಸುಣ್ಣ ಬಳಿಯುವುದು ನಮ್ಮ ಕೈಗೇ ಸಾಧ್ಯ. ಕರೆಂಟಿನ ವೈರು ಮತ್ತು ಗ್ಯಾಸಿನ ಜೋಡಣೆಯನ್ನು ಮಾತ್ರ ಬಲ್ಲವರೇ ಮಾಡಲಿ. ಇನ್ನೊಂದು ಲೆಕ್ಕ: ಮೇಸ್ತ್ರಿ ಒಂದು ದಿನದಲ್ಲಿ ಮುಗಿಸುವ ಕೆಲಸಕ್ಕೆ ನಾವು ನಾಲ್ಕು ದಿನದ ಕೂಲಿ ಕಳೆದುಕೊಂಡರೆ ಅದು ಉಳಿತಾಯವಲ್ಲ.

ಹಣ ಕಡಿಮೆಯಿದ್ದರೆ ಅಂದಕ್ಕಿಂತ ಮೊದಲು ಹೊಗೆಯನ್ನು ನೋಡಿರಿ. ಅದನ್ನು ಹೆಚ್ಚು ಕುಡಿಯುವವರು ತಾಯಂದಿರು ಮತ್ತು ಅವರ ಕಂಕುಳಲ್ಲಿರುವ ಕೂಸುಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂತಹ ಕೊಳವೆ ಒಲೆಗಳು ಸೌದೆಯನ್ನೂ ಉಳಿಸುತ್ತವೆ. ಕೊಳವೆ ಚಾವಣಿಯನ್ನು ದಾಟಿ ಮೇಲೇಳಬೇಕು. ಮಸಿಯನ್ನು ಆಗಾಗ ತೆಗೆಯಬೇಕು. ಗ್ಯಾಸ್ ಇರುವವರು ಸಿಲಿಂಡರನ್ನು ಸೌದೆ ಒಲೆಯಿಂದ ದೂರ, ನೆಟ್ಟಗೆ ಇಡಿರಿ. ಗ್ಯಾಸ್ ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಲಿ. ಸೋರಿದ ಗ್ಯಾಸು ಗಾಳಿಗಿಂತ ಭಾರವಾಗಿ ಕೆಳಗೇ ನಿಲ್ಲುವುದರಿಂದ ನೆಲದ ಮಟ್ಟದಲ್ಲೂ ಗಾಳಿಕಿಂಡಿ ಬೇಕು.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ನೋಡಬೇಕೆಂಬ ಕರ್ತನ ಸಾಮ್ಯ ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿದೆ. ನಾವೂ ಲೆಕ್ಕ ನೋಡೋಣ. ಆದರೆ ಎರಡು ಪಟ್ಟಿ ಬರೆಯೋಣ, ನಾವು ಕೊಡಬೇಕಾದದ್ದು ಒಂದು, ಮಾಲಿಕರು ಕೊಡಬೇಕಾದದ್ದು ಇನ್ನೊಂದು. ಎರಡನೆಯದನ್ನೂ ಮಕ್ಕಳ ಫೀಸಿನ ಹಣದಿಂದ ತುಂಬಿಸುವುದು ತಾಳ್ಮೆಯೂ ಅಲ್ಲ, ದೀನತೆಯೂ ಅಲ್ಲ.