ಸಿಡಿಯಿಂದ ಹಾಡು ತೆಗೆಯೋಕೆ ಸರ್ಕಾರದ ಆದೇಶವೇ ಬೇಕಾ?

ನ್ಯೂಯಾರ್ಕಿನ ಐವರು ಹುಡುಗರ ಬ್ಯಾಂಡ್ 'ದಿ ಸ್ಟ್ರೋಕ್ಸ್'. ಈಸ್ಟ್ ವಿಲೇಜಿನ ಒಂದು ನೆಲಮಾಳಿಗೆ ಸ್ಟುಡಿಯೋದಲ್ಲಿ ಅವರು ರೆಕಾರ್ಡ್ ಮಾಡಿದ ಮೊದಲ ಆಲ್ಬಂ 'ಇಸ್ ದಿಸ್ ಇಟ್'. ಹನ್ನೊಂದು ಹಾಡು, ಮುಕ್ಕಾಲು ಗಂಟೆಯೂ ಇಲ್ಲ. ಇಂಡೀ ರಾಕ್ ಕೇಳುವವರಿಗೆ ಅದರ ಸಂಗೀತದ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಇಲ್ಲಿ ಹೇಳಬೇಕಿರೋದು ಅದರ ಒಂಬತ್ತನೇ ಹಾಡಿನ ಕತೆ.

'ನ್ಯೂಯಾರ್ಕ್ ಸಿಟಿ ಕಾಪ್ಸ್' ಅನ್ನೋ ಆ ಹಾಡು ಊರಿನ ಪೊಲೀಸರ ಬುದ್ಧಿವಂತಿಕೆಯನ್ನು ಗೇಲಿ ಮಾಡುತ್ತೆ. ಆ ಗೇಲಿಗೆ ಒಂದು ಹಿನ್ನೆಲೆ ಇತ್ತು. 1999ರ ಫೆಬ್ರವರಿಯಲ್ಲಿ ಅದೇ ಊರಿನ ನಾಲ್ವರು ಪೊಲೀಸರು ಅಮಾಡು ಡಿಯಾಲೋ ಎಂಬ ನಿರಾಯುಧ ವಲಸಿಗ ಯುವಕನ ಮೇಲೆ 41 ಗುಂಡು ಹಾರಿಸಿದ್ದರು. ಮರುವರ್ಷ ನಾಲ್ವರೂ ಖುಲಾಸೆಯಾದರು. ಪೊಲೀಸರನ್ನು ಪ್ರಶ್ನಿಸೋದು ಆಗ ಬೀದಿಯ ಮಾತಾಗಿತ್ತು.

ಆಲ್ಬಂ ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಈ ಹಾಡಿನ ಸಮೇತ ಬಿಡುಗಡೆಯಾಯ್ತು. ಅಮೆರಿಕದಲ್ಲಿ ಸಿಡಿ ಬರಬೇಕಿದ್ದದ್ದು 2001ರ ಸೆಪ್ಟೆಂಬರ್ ಕೊನೆಗೆ. ಅಷ್ಟರಲ್ಲಿ 9/11 ನಡೀತು. ಸಿಡಿ ಅಕ್ಟೋಬರ್ 9ಕ್ಕೆ ಹೋಯ್ತು. ಬಂದಾಗ ಆ ಹಾಡು ಇರಲಿಲ್ಲ, ಅದರ ಜಾಗದಲ್ಲಿ ಬೇರೊಂದಿತ್ತು.

ಇದಕ್ಕೆ ಯಾವ ಕೋರ್ಟೂ ಆದೇಶ ಕೊಟ್ಟಿರಲಿಲ್ಲ. ದಾಳಿಯ ದಿನ ನ್ಯೂಯಾರ್ಕ್ ಪೊಲೀಸ್ ಇಲಾಖೆಯ 23 ಮಂದಿ ಸತ್ತಿದ್ದರು. ಅವರ ಕೆಲಸ ಕಣ್ಣಾರೆ ಕಂಡ ಬ್ಯಾಂಡ್ ಹಾಡನ್ನು ಕೈಬಿಡೋಕೆ ಒಪ್ಪಿತು. ಸಾವಿನ ಮನೆಯ ಮುಂದೆ ಗೇಲಿ ಬೇಡ ಅನ್ನೋದು ಯಾರಿಗಾದರೂ ಅರ್ಥವಾಗುತ್ತೆ. ಇದನ್ನು ಹೇಡಿತನ ಅಂತ ನಾನು ಕರೆಯಲ್ಲ.

ಆದರೆ ಆ ದಿನಗಳ ಗಾಳಿಯನ್ನೂ ನೋಡಬೇಕು. ಸಾವಿರಕ್ಕೂ ಹೆಚ್ಚು ರೇಡಿಯೋ ಕೇಂದ್ರಗಳ ಒಡೆತನವಿದ್ದ ಕ್ಲಿಯರ್ ಚಾನೆಲ್ ಕಂಪನಿಯೊಳಗೆ 150ಕ್ಕೂ ಹೆಚ್ಚು 'ಸೂಕ್ಷ್ಮ' ಹಾಡುಗಳ ಪಟ್ಟಿ ಓಡಾಡಿತು. ಅದರಲ್ಲಿ ಜಾನ್ ಲೆನನ್‌ನ 'ಇಮ್ಯಾಜಿನ್' ಇತ್ತು. 'ರೇಜ್ ಅಗೇನ್‌ಸ್ಟ್ ದ ಮಷೀನ್' ಬ್ಯಾಂಡಿನ ಎಲ್ಲ ಹಾಡೂ ಇದ್ದವು. ನಿಷೇಧ ಅಲ್ಲ, ಬರೀ ಸಲಹೆ ಅಂತ ಕಂಪನಿ ಹೇಳಿತು. ಶಾಂತಿಯ ಹಾಡು ಕೂಡ ಯಾಕೆ ಸೂಕ್ಷ್ಮವಾಯ್ತು? ಅಕ್ಟೋಬರ್ 7ಕ್ಕೆ ಅಫ್ಘಾನಿಸ್ತಾನದ ಮೇಲೆ ಬಾಂಬ್ ಬೀಳೋಕೆ ಶುರುವಾಯ್ತು. 26ಕ್ಕೆ, ಸರ್ಕಾರದ ಕಣ್ಗಾವಲಿಗೆ ದೊಡ್ಡ ಬಾಗಿಲು ತೆರೆದ ಪೇಟ್ರಿಯಟ್ ಕಾಯ್ದೆಗೆ ಸಹಿ ಬಿತ್ತು.

ಅಂದರೆ, ಜನ ನಿಜವಾಗಿ ಅಳುತ್ತಿದ್ದ ಹೊತ್ತಲ್ಲೇ ಪ್ರಶ್ನೆ ಕೇಳೋದು ಅಸಭ್ಯತೆ ಅನ್ನಿಸಿಕೊಂಡಿತು. ಅಧಿಕಾರಕ್ಕೆ ಇದಕ್ಕಿಂತ ಅನುಕೂಲದ ಹೊತ್ತು ಇನ್ನೊಂದಿಲ್ಲ. ಸೆನ್ಸಾರ್ ಮಂಡಳಿ ಆದೇಶ ಕೊಟ್ಟರೆ ವಿರೋಧಿಸಬಹುದು. ಎಲ್ಲರೂ ತಾವಾಗೇ ಬಾಯಿ ಮುಚ್ಚಿಕೊಂಡರೆ ಯಾರ ವಿರುದ್ಧ ಧರಣಿ ಕೂರೋದು?

ಶೋಕದಲ್ಲಿ ಸುಮ್ಮನಿರೋದು ತಪ್ಪಲ್ಲ. ಶೋಕ ಕಳೆದ ಮೇಲೆ ಪ್ರಶ್ನೆ ವಾಪಸ್ ಬರುತ್ತಾ ಅನ್ನೋದೇ ಪರೀಕ್ಷೆ. ಈ ಹಾಡು ಬಂತು. 2020ರ ಫೆಬ್ರವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಬರ್ನಿ ಸ್ಯಾಂಡರ್ಸ್ ರ‍್ಯಾಲಿಯಲ್ಲಿ ಇದೇ ಬ್ಯಾಂಡ್ ಇದೇ ಹಾಡನ್ನು ಹಾಡಿತು. ಮೂರು ತಿಂಗಳ ನಂತರ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬನ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಸತ್ತರು.

ಹಾಡು ತೆಗೆದರೂ ಅದರ ಹಿಂದಿದ್ದ ಪ್ರಶ್ನೆ ಎಲ್ಲೂ ಹೋಗಿರಲಿಲ್ಲ.